ಕ್ಯಾಮೆರಾದ ಮೇಲಿನ ಅಕ್ಷತೆ

ಕಸ್ತೂರಿ, ಗೊರಾಯಿಯ ದೋಣಿ ಜೆಟ್ಟಿಯ ಮೆಟ್ಟಿಲ ಮೇಲೆ ಆ ಬೆಳಿಗ್ಗೆ ಕ್ಯಾಮೆರಾ ಬಿದ್ದದ್ದು ನಿನ್ನ ತಪ್ಪಿನಿಂದಲ್ಲ. ಅದರ ಲಾಕ್ ಹಾಕಿದವನು ನಾನು. ಲಾಕ್ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಎಳೆದು ನೋಡಲು ಬಂದ ನಿನ್ನ ಕೈಯನ್ನು ತಡೆದವನೂ ನಾನು. ಆಮೇಲೆ ಎಲ್ಲರೆದುರು ಅದನ್ನು ನಿನ್ನ ತಲೆಗೆ ಕಟ್ಟಿದವನು — ಅದೂ ನಾನೇ. ಇದರಲ್ಲಿ ನಿನಗೆ ಗೊತ್ತಿಲ್ಲದ್ದು ಒಂದೇ ಒಂದಿದೆ. ಅದಕ್ಕೆ ಬರುತ್ತೇನೆ.

ಬೇರೆಯವರೂ ಓದಲಿ ಎಂದೇ ಬರೆಯುತ್ತಿರುವುದರಿಂದ ನಿನಗೆ ಗೊತ್ತಿರುವುದನ್ನೂ ಸ್ವಲ್ಪ ಹೇಳಬೇಕಾಗುತ್ತದೆ. ನಾನು ಉಡುಪಿ ಕಡೆಯವನು; ಅಂಧೇರಿಯಲ್ಲಿ ಸಿನಿಮಾ ಕ್ಯಾಮೆರಾದ ಕೆಲಸ. ನೀನು ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಗಳು, ಕುರ್ಲಾದ ಚಾಳಿನಲ್ಲಿ ಬೆಳೆದು, ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿದವಳು. ನಾಲ್ಕೈದು ವರ್ಷ ನನ್ನ ಸಹಾಯಕಿಯಾಗಿದ್ದೆ. ಯೂನಿಟ್ಟಿನವರೆಲ್ಲ ಹಿಂದಿಯಲ್ಲಿ ಕೂಗಾಡುತ್ತಿದ್ದರೆ ನಾವಿಬ್ಬರು ಮಾತ್ರ ಕನ್ನಡ. ಯಾರಿಗೂ ಅರ್ಥವಾಗದ ಹಾಗೆ ಎಲ್ಲರನ್ನೂ ಬೈಯುವ ಸುಖ ನಮಗಿತ್ತು.

ಕ್ಯಾಮೆರಾ ಬಿದ್ದ ಆ ಸಿನಿಮಾ ಮೀನುಗಾರರ ಕತೆ. ದೋಣಿ, ಖಾಡಿಯ ಹಿನ್ನೀರು, ಮೀನು ಮಾರ್ಕೆಟ್ — ಎಲ್ಲ ಹೊರಾಂಗಣ. ಸ್ವತಂತ್ರ ಛಾಯಾಗ್ರಾಹಕನಾಗಿ ನನಗೆ ಅದೇ ಮೊದಲನೆಯದು. ಕ್ಯಾಮೆರಾ ಹೆಗಲ ಮೇಲೆ ಹೊತ್ತು ಚಿತ್ರಿಸುವ ಆಪರೇಟರ್ ಆಗಿ ನಿನಗೂ ಮೊದಲನೆಯದು. ಆ ಜಾಗಕ್ಕೆ ನಿನ್ನ ಹೆಸರು ಹೇಳಿದವನು ನಾನೇ. ಅದಕ್ಕಾಗಿ ಅಂಧೇರಿಯ ನನ್ನ ಕೋಣೆಯಲ್ಲಿ ಕೂತು ಒಂದು ಸಣ್ಣ ರಿಗ್ ಕಟ್ಟಿದೆವು. ಕ್ಯಾಮೆರಾವನ್ನು ಲೋಹದ ಚೌಕಟ್ಟಿನಲ್ಲಿ ಕೂರಿಸಿ, ಹೆಗಲಿಗೆ ಪ್ಯಾಡು, ಕೈಗೆ ಎರಡು ಹಿಡಿ, ಹಿಂದೆ ಬ್ಯಾಟರಿ, ಮುಂದೆ ಅಂಗೈಯಗಲದ ಪರದೆ. ನಾನು ಮೊದಲು ಕಟ್ಟಿದ್ದನ್ನು ನೋಡಿ ನೀನು ನಕ್ಕದ್ದು ನೆನಪಿದೆ.

“ಅಣ್ಣಾರ, ಇದನ್ನ ಹೊತ್ಕೊಂಡ ಲೋಕಲ್ ಟ್ರೇನ್ ಹತ್ತಿದ್ರ ಎರಡ ಟಿಕೀಟ ತಗೀಬೇಕಾಕ್ಕೈತಿ. ದೊಡ್ಡ ಕ್ಯಾಮೆರಾ ಕಂಡ್ರ ಮಂದಿ ನಟನೆ ಮಾಡಾಕ ನಿಲ್ತಾರ್ರೀ.”

“ಮೊದಲು ನಿನ್ನ ಬಾಯಿಗೆ ಒಂದು ಲಾಕ್ ಹಾಕಬೇಕು ಮಾರಾಯ್ತಿ,” ಎಂದೆ.

ಆದರೆ ನೀನು ಹೇಳಿದ ಹಾಗೇ ಬಿಚ್ಚಿದೆವು, ಕಡಿಮೆ ಮಾಡಿದೆವು, ಮತ್ತೆ ಕಟ್ಟಿದೆವು. ಕೊನೆಗೆ ಅದು ಭುಜಕ್ಕೆ ಆತುಕೊಂಡ ಮಗುವಿನಷ್ಟೇ ಆಯಿತು. ಹಿಡಿಗಳೂ ಪ್ಯಾಡೂ ಒಂದು ಪ್ಲೇಟಿಗೆ ಸೇರಿದ್ದವು. ಕ್ಯಾಮೆರಾದ ಚೌಕಟ್ಟನ್ನು ಆ ಪ್ಲೇಟಿನಲ್ಲಿ ಕೊರೆದ ತೋಡಿನೊಳಗೆ ಸರಿಸಿದರೆ ಟಕ್ ಎಂದು ಲಾಕ್ ಬೀಳುತ್ತಿತ್ತು. ಒಬ್ಬರು ಲಾಕ್ ಹಾಕಬೇಕು, ಇನ್ನೊಬ್ಬರು ಎಳೆದು ನೋಡಬೇಕು — ಆ ನಿಯಮ ಮಾಡಿದ್ದೂ ನಾವಿಬ್ಬರೇ.

ಮೊದಲ ದಿನ ಜೆಟ್ಟಿಯಲ್ಲಿ ಮುಹೂರ್ತದ ಪೂಜೆ. ಉಡುಪಿಯವನೆಂದರೆ ಮಂತ್ರ ಬರಲೇಬೇಕು ಎಂದು ಯೂನಿಟ್ಟಿನಲ್ಲಿ ನನಗೆ ಪಂಡಿತ್‌ಜಿ ಎಂಬ ಹೆಸರು. ಬರುವುದು ಎರಡು ಶ್ಲೋಕ. ಅದನ್ನೇ ಎಳೆದೆಳೆದು ಹೇಳುತ್ತಿದ್ದೆ. ರಿಗ್ಗಿಗೆ ಕುಂಕುಮ ಇಟ್ಟೆ, ಚೆಂಡುಹೂ ಸಿಕ್ಕಿಸಿದೆ, ಅಕ್ಷತೆ ಹಾಕಿದೆ. ಎಲ್ಲರೂ ಸಾಲಾಗಿ ಬಂದು ಹಾಕಿದರು. ನನ್ನ ಮೊದಲ ಸಿನಿಮಾ — ಕೈ ಸ್ವಲ್ಪ ಧಾರಾಳವಾಗಿಯೇ ಇತ್ತು. ಪೂಜೆಗೆಂದು ಕ್ಯಾಮೆರಾವನ್ನು ಪ್ಲೇಟಿನಿಂದ ತೆಗೆದು ಪಕ್ಕದಲ್ಲಿಟ್ಟಿದ್ದೆವು. ಅಕ್ಷತೆ ಎರಡರ ಮೇಲೂ ಬಿತ್ತು.

ಖಾಡಿಯಲ್ಲಿ ನೀರು ಇಳಿಯುತ್ತಿತ್ತು. ದೋಣಿ ಕೆಸರಿನಲ್ಲಿ ಕೂರುವ ಮೊದಲು ಹೊರಡಬೇಕೆಂದು ನಿರ್ದೇಶಕರು ಅವಸರ ಮಾಡಿದರು. ನಾನು ಪ್ಲೇಟನ್ನು ಕೈಯಿಂದ ಒಮ್ಮೆ ಒರಸಿ, ಕ್ಯಾಮೆರಾ ಸರಿಸಿ, ಲಾಕ್ ತಿರುಗಿಸಿದೆ. ಟಕ್ ಎಂಬ ಸದ್ದು ಕೇಳಲಿಲ್ಲ. ದೋಣಿಯ ಎಂಜಿನ್ ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ — ಎಂದುಕೊಂಡೆ ಅಷ್ಟೆ. ನೀನು ಎಳೆದು ನೋಡಲು ಕೈ ಚಾಚಿದೆ.

“ನಾನು ನೋಡಿ ಆಯ್ತು. ನೀನು ದೋಣಿ ಹತ್ತು,” ಎಂದೆ.

ನೀನು ನಂಬಿದೆ. ಹಿರಿಯನೆಂದು ನಂಬಿದೆಯೋ, ಕನ್ನಡದವನೆಂದೋ — ಕೇಳುವ ಮುಖ ನನಗಿಲ್ಲ. ರಿಗ್ ಹೆಗಲಿಗೇರಿಸಿಕೊಂಡು ನೀನು ಮೆಟ್ಟಿಲಿಳಿದೆ. ದೋಣಿಗೆ ಕಾಲಿಡಲು ಸ್ವಲ್ಪ ಮುಂದೆ ಬಾಗಿದ್ದೇ ತಡ, ಕ್ಯಾಮೆರಾ ತೋಡಿನಿಂದ ಜಾರಿ ಕಲ್ಲಿನ ಮೇಲೆ ಬಿತ್ತು. ಲೆನ್ಸ್ ಒಡೆದ ಸದ್ದು ಆ ಎಂಜಿನ್ ಗದ್ದಲದಲ್ಲೂ ಕೇಳಿಸಿತು.

ಒಂದು ಮಾತು ಹೇಳಲೇಬೇಕು. ಎರಡೂ ಹಿಡಿಗಳು ಆಗಲೂ ನಿನ್ನ ಮುಷ್ಟಿಯಲ್ಲೇ ಇದ್ದವು. ಪ್ಯಾಡು ನಿನ್ನ ಹೆಗಲ ಮೇಲೇ ಇತ್ತು. ಕೈ ಬಿಟ್ಟವಳ ಕೈಯಲ್ಲಿ ಹಿಡಿ ಹೇಗಿರುತ್ತದೆ? ಆಮೇಲೆ ನಿನ್ನನ್ನು ಬೀಳಿಸಿದವಳು ಎಂದ ಯಾರಿಗೂ ಅದು ಹೊಳೆಯಲಿಲ್ಲ. ನನಗೆ ಹೊಳೆಯಿತು; ಸುಮ್ಮನಿದ್ದೆ.

ನಿರ್ಮಾಪಕರು ಓಡಿ ಬಂದು ಯಾರು ಲಾಕ್ ಮಾಡಿದ್ದು ಎಂದು ಕೇಳಿದರು. ಕೇಳಿದ್ದು ನನ್ನ ಮುಖ ನೋಡಿ. ಆಗ ನನ್ನ ಬಾಯಿಂದ ಬಂದ ಮಾತು ಇದು: “ಲಾಕ್ ಉಸೀನೇ ಕಿಯಾ ಥಾ.” ಅವಳೇ ಹಾಕಿದ್ದು, ಎಂದೆ. ಯೋಚಿಸಿ ಹೇಳಿದ್ದಲ್ಲ ಎನ್ನಬಹುದಿತ್ತು. ಆದರೆ ಮರುಕ್ಷಣ ಯೋಚಿಸಲು ಸಮಯವಿತ್ತು, ಅದರ ಮರುಕ್ಷಣವೂ — ನಾನು ತಿದ್ದಿಕೊಳ್ಳಲಿಲ್ಲ.

ನೀನು ನನ್ನ ಕಡೆ ತಿರುಗಿದೆ. ನಿನಗೆ ಹಿಂದಿ ನನಗಿಂತ ಚೆನ್ನಾಗಿ ಬರುತ್ತದೆ. ಹಿಂದಿಯಲ್ಲಿ ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು, ಎಲ್ಲರಿಗೂ ತಿಳಿಯುತ್ತಿತ್ತು. ನೀನು ಕನ್ನಡದಲ್ಲಿ, ಅದೂ ಮೆಲ್ಲಗೆ, ಕೇಳಿದೆ:

“ಲಾಕ್ ನೀವ ಹಾಕಿದ್ರಿ ಅಲ್ರೀ, ಅಣ್ಣಾರ?”

ಅಷ್ಟು ಜನರ ನಡುವೆ ನನ್ನ ಮಾನ ಹೋಗಬಾರದೆಂದು ನೀನು ಕನ್ನಡದಲ್ಲಿ ಕೇಳಿದೆ. ತಿದ್ದಿಕೊಳ್ಳಲು ನನಗೊಂದು ಬಾಗಿಲು ತೆರೆದಿಟ್ಟೆ. ನಾನು ಹಿಂದಿಯಲ್ಲೇ, ಎಲ್ಲರಿಗೂ ಕೇಳುವಂತೆ, “ಕ್ಯಾ ಬೋಲ್ ರಹೀ ಹೈ, ಪತಾ ನಹೀಂ,” ಎಂದುಬಿಟ್ಟೆ. ಏನು ಹೇಳುತ್ತಿದ್ದಾಳೋ ಗೊತ್ತಿಲ್ಲ ಅಂತ, ನಿನ್ನ ಭಾಷೆಯೇ ನನಗೆ ತಿಳಿಯದು ಎಂಬಂತೆ. ಆ ಸುಳ್ಳಿಗಿಂತ ಈ ಮಾತಿಗೆ ನನಗೆ ಹೆಚ್ಚು ನಾಚಿಕೆಯಾಗುತ್ತದೆ.

ನೀನು ಹಿಡಿಗೆ ಸಿಕ್ಕಿಸಿದ್ದ ಚೆಂಡುಹೂ ತೆಗೆದು ನೀರಿಗೆ ಬಿಟ್ಟೆ. ಎಂದಿನ ಹಾಗೆ ಎಲ್ಲವನ್ನೂ ಬಟ್ಟೆಯಿಂದ ಒರಸಿ ಪೆಟ್ಟಿಗೆಗೆ ತುಂಬಿದೆ. ಬೊರಿವಲಿ ಸ್ಟೇಷನ್ನಿಗೆ ಒಬ್ಬಳೇ ಹೋದೆ.

ಈಗ ನಿನಗೆ ಗೊತ್ತಿಲ್ಲದ್ದು. ನೀನು ಹೋದ ಮೇಲೆ, ಪೆಟ್ಟಿಗೆ ಮುಚ್ಚುವ ಮೊದಲು ನಾನು ಪ್ಲೇಟನ್ನು ಎತ್ತಿ ನೋಡಿದೆ. ತೋಡಿನ ಮೂಲೆಯಲ್ಲಿ ಅರಿಶಿನ ಬಣ್ಣದ ಒಂದು ಅಕ್ಕಿಕಾಳು ಸಿಕ್ಕಿಕೊಂಡಿತ್ತು. ಅದಕ್ಕೇ ಲಾಕ್ ಪೂರ್ತಿ ಕೂತಿರಲಿಲ್ಲ. ನಾನೇ ಹಾಕಿದ ಅಕ್ಷತೆ. ಉಗುರಿನಿಂದ ಕಿತ್ತು ತೆಗೆದೆ. ಅಕ್ಷತೆ ಕಾಲಡಿಗೆ ಬೀಳಬಾರದೆಂಬ ಚಿಕ್ಕಂದಿನ ಅಭ್ಯಾಸ — ಬಾಯಿಗೆ ಹಾಕಿಕೊಂಡು ನುಂಗಿದೆ. ಒಂದು ಕಾಳು ಅಕ್ಕಿಗೆ ತೋರಿದ ಮರ್ಯಾದೆಯನ್ನು ನಿನಗೆ ತೋರಲಿಲ್ಲ.

ಬೇರೆ ಕ್ಯಾಮೆರಾ ತಂದು, ನೀನಿಲ್ಲದೆ ಸಿನಿಮಾ ಮುಗಿಸಿದೆವು. ನಮ್ಮ ರಂಗದಲ್ಲಿ ಸುದ್ದಿ ಲೋಕಲ್‌ಗಿಂತ ಬೇಗ ಓಡುತ್ತದೆ. ಅಂಧೇರಿಯಲ್ಲಿ ನೀನು ‘ಗಿರಾನೇವಾಲಿ’ ಆದೆ, ಬೀಳಿಸುವವಳು. ಆಮೇಲೆ ಯಾರೋ ಫೋನ್ ಮಾಡಿ ಆ ಹುಡುಗಿ ಹೇಗೆ ಎಂದು ವಿಚಾರಿಸಿದರು. ನಾನು ಕೆಟ್ಟದ್ದೇನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಠೀಕ್ ಹೈ” ಎಂದೆ. ಕೆಲಸ ತಪ್ಪಿಸಲು ಅಷ್ಟು ಸಾಕು ಎಂದು ನನಗೆ ಗೊತ್ತಿತ್ತು. ಹೀಗೆ ಎಷ್ಟು ಫೋನಿಗೆ ಹೇಳಿದೆನೋ — ಒಂದಕ್ಕಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಂದಿಗೂ ಸೆಟ್ಟಿನಲ್ಲಿ ಯಾರಾದರೂ ಲಾಕ್ ಎಂದರೆ ನಾನು ತಿರುಗಿ ನೋಡುತ್ತೇನೆ. ಕ್ಯಾಮೆರಾ ಮೇಲೆ ಅಕ್ಷತೆ ಹಾಕಲು ಬಿಡುವುದಿಲ್ಲ. ಪಂಡಿತ್‌ಜಿ ನಾಸ್ತಿಕರಾದರು ಎಂದು ಹುಡುಗರು ನಗುತ್ತಾರೆ.

ಈ ಸಲದ ಗಣಪತಿ ಹಬ್ಬಕ್ಕೆ ಮುಂಚೆ ಕುರ್ಲಾಕ್ಕೆ ಬಂದಿದ್ದೆ. ನೀನೀಗ ಅಲ್ಲೊಂದು ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತೀ ಎಂದು ಯಾರೋ ಹೇಳಿದ್ದರು. ಗಾಜಿನಾಚೆ ನೀನು ಕಂಡೆ — ಸ್ಟೂಲಿನ ಮೇಲೆ ಕೂತ ಮುದುಕಿಯೊಬ್ಬಳ ಸೆರಗು ಸರಿ ಮಾಡುತ್ತಿದ್ದೆ. ಕ್ಯಾಮೆರಾ ಟ್ರೈಪಾಡಿನ ಮೇಲಿತ್ತು. ಫೋಟೋ ತೆಗೆಯುವ ಮೊದಲು ನೀನು ಅದನ್ನು ಒಮ್ಮೆ ಎಳೆದು ನೋಡಿದೆ, ಆಮೇಲೆ ಇನ್ನೊಮ್ಮೆ. ನಾನು ಒಳಗೆ ಬರಲಿಲ್ಲ. ಹೆದರಿ ವಾಪಸು ಹೋದೆ.

ಕಳೆದ ವಾರ ಆ ನಿರ್ಮಾಪಕರ ಆಫೀಸಿಗೆ ಹೋಗಿ ಹೇಳಿದೆ. ಸುಳ್ಳು ಹೇಳಿದ್ದು ಹಿಂದಿಯಲ್ಲಿ, ಆದ್ದರಿಂದ ನಿಜವನ್ನೂ ಹಿಂದಿಯಲ್ಲೇ. “ಅರೇ ಛೋಡೋ ಪಂಡಿತ್‌ಜಿ, ಕಿತ್ನೀ ಪುರಾನೀ ಬಾತ್,” ಹಳೇ ಮಾತು ಬಿಡಿ ಎಂದು ಚಹಾ ತರಿಸಿದರು. ಆಮೇಲೆ, ಆ ಹುಡುಗಿಯ ಹೆಸರೇನು ಎಂದು ಕೇಳಿದರು. ಬೀಳಿಸಿದವಳು ಎಂಬುದು ನೆನಪಿತ್ತು, ಹೆಸರು ಇರಲಿಲ್ಲ. ಚಹಾ ಅಲ್ಲೇ ಬಿಟ್ಟು ಎದ್ದೆ. ಹೊರಗೆ ಬಂದು, ನಮ್ಮ ಕ್ಯಾಮೆರಾದವರ ವಾಟ್ಸ್ಯಾಪ್ ಗುಂಪಿನಲ್ಲಿ ನಡೆದದ್ದನ್ನೆಲ್ಲ ನಿನ್ನ ಪೂರ್ತಿ ಹೆಸರಿನೊಂದಿಗೆ, ನನ್ನ ಹೆಸರಿನೊಂದಿಗೆ ಬರೆದು ಹಾಕಿದೆ. ಕೆಲವರು ಕೈ ಮುಗಿಯುವ ಚಿತ್ರ ಕಳಿಸಿದರು.

ಇದರಿಂದ ಕಳೆದುಹೋದ ನಿನ್ನ ವರ್ಷಗಳು ತಿರುಗಿ ಬರುವುದಿಲ್ಲ. ಕ್ಷಮಿಸು ಎಂದು ಕೇಳಿ ಇನ್ನೊಂದು ಹೊರೆ ನಿನ್ನ ಹೆಗಲಿಗೆ ಹಾಕುವುದಿಲ್ಲ. ಆದರೆ ಆ ದಿನ ನೀನು ನನ್ನನ್ನು ಒಂದು ಪ್ರಶ್ನೆ ಕೇಳಿದ್ದೆ, ಕನ್ನಡದಲ್ಲಿ. ಅದಕ್ಕೆ ಕನ್ನಡದಲ್ಲಿ ಉತ್ತರ ಕೊಡುವುದು ಬಾಕಿ ಉಳಿದಿದೆ.

ಹೌದು ಕಸ್ತೂರಿ. ಲಾಕ್ ನಾನೇ ಹಾಕಿದ್ದು.