ಪಕ್ಕದ ಕುರ್ಚಿಯ ನೋರೀನ್

ಬೆಳಗಿನ ಆರೂವರೆ. ಐರಿಶ್ ಕಡಲಂಚಿನ ಪೋರ್ಟ್‌ಡೂ ಪೊಲೀಸ್ ಠಾಣೆಯ ಒಲೆಯ ಮುಂದೆ ಮಂಡಿಯೂರಿದ ನೋರೀನ್, ಜೌಗಿನಿಂದ ಕಡಿದು ಒಣಗಿಸಿದ ಮಣ್ಣುರುವಲನ್ನು ಒಂದೊಂದಾಗಿ ಜೋಡಿಸುತ್ತಿದ್ದಾರೆ. ಗಾಳಿಯಾಡಲು ನಡುವೆ ಎರಡು ಬೆರಳಿನ ಸಂದು, ಅದಕ್ಕಿಂತ ಹೆಚ್ಚಿಲ್ಲ. ಹಿಂದೆ ಬುಟ್ಟಿ ಹಿಡಿದು ನಿಂತವಳು ಡೆರ್ವ್ಲಾ. ಡಬ್ಲಿನ್ ಕಡೆಯ ಹುಡುಗಿ, ಠಾಣೆಯ ಪೊಲೀಸ್. ಕೆಟಲ್ ಕುದಿಯುವವರೆಗೆ ಯಾರೂ ಇಂಗ್ಲಿಷ್ ಆಡಬಾರದೆಂಬುದು ಅವಳಿಗೆ ಐರಿಶ್ ಕಲಿಸಲೆಂದು ನೋರೀನ್ ಎರಡು ವರ್ಷದ ಹಿಂದೆ ಹಾಕಿದ ಕಟ್ಟಳೆ.

"ಗಾಳಿ ಜೋರಿತ್ತಲ್ವಾ?" ಡೆರ್ವ್ಲಾ ಐರಿಶ್‌ನಲ್ಲೇ ಕೇಳುತ್ತಾಳೆ, ಥೇಟ್ ಈ ಕಡಲಂಚಿನವರ ರಾಗದಲ್ಲಿ.

"ನನಗೇನು ಕಿವಿ ಇಲ್ವಾ? ಬುಟ್ಟಿ ಕೆಳಗಿಡು ಮಾರಾಯ್ತಿ, ಪುಡಿ ಬೀಳ್ತಿದೆ. ಈಗಷ್ಟೇ ಒರೆಸಿದೀನಿ."

ಅರವತ್ನಾಲ್ಕರ ನೋರೀನ್ ದಾಖಲೆಗಳ ಪ್ರಕಾರ ಠಾಣೆಯ ಕಸ ಗುಡಿಸುವವರು. ಅವರ ಇನ್ನೊಂದು ಕೆಲಸಕ್ಕೆ ಯಾರೂ ನೇಮಿಸಿದ್ದಲ್ಲ. ಇಲ್ಲಿ ಎಲ್ಲರ ಮನೆಮಾತೂ ಐರಿಶ್. ಆದರೆ ಸಮವಸ್ತ್ರ ಕಂಡೊಡನೆ ಊರಿನವರ ನಾಲಿಗೆ ತಾನಾಗಿ ಇಂಗ್ಲಿಷಿಗೆ ಹೊರಳುತ್ತದೆ. ತಾತಂದಿರ ಕಾಲದ ಅಭ್ಯಾಸ. ಅವರ ಇಂಗ್ಲಿಷ್ ಮೀನು ಮಾರಲು ಸಾಕು, ಕಳ್ಳನ ವಿಷಯ ಹೇಳಲು ಸಾಲದು. ಹೊರಗಿನಿಂದ ಬಂದ ಪೊಲೀಸರಿಗೆ ಐರಿಶ್ ಬರುತ್ತಿರಲಿಲ್ಲ. ಹಾಗಾಗಿ ನೋರೀನ್ ಪೊರಕೆ ಬದಿಗಿಟ್ಟು ದೂರುದಾರರ ಪಕ್ಕದ ಕುರ್ಚಿಯಲ್ಲಿ ಕೂತು, ಅವರ ಮಾತನ್ನು ಪೊಲೀಸರಿಗೆ ಇಂಗ್ಲಿಷಿನಲ್ಲಿ ಹೇಳತೊಡಗಿದರು.

ಇಪ್ಪತ್ತೆರಡು ವರ್ಷ, ನೀಲಿ ನೋಟ್‌ಬುಕ್ಕಿನಲ್ಲಿ ನಾನೂರ ಹದಿನೇಳು ಹೇಳಿಕೆಗಳ ತಾರೀಖು. ಗಂಡನ ಶವ ಮನೆಯಲ್ಲಿದ್ದ ದಿನವೂ ಹೋಗಿ ಬಂದಿದ್ದಾರೆ. "ಬಂದೋರಿಗೆ ಚಹಾ ಕೊಡೋಕೆ ಬೇಕಾದಷ್ಟು ಜನ ಇದ್ರು. ಠಾಣೇಲಿ ಅಳ್ತಾ ಕೂತಿದ್ದ ಮುದುಕಿಗೆ ನಾನೊಬ್ಳೇ ತಾನೆ?"

ಹೋದ ವರ್ಷ ಮೂವತ್ತೊಂದು ಹೇಳಿಕೆ. ಈ ವರ್ಷ ಇದುವರೆಗೆ ನಾಲ್ಕೇ. ಕಾರಣ ಬುಟ್ಟಿ ಹಿಡಿದು ನಿಂತಿದ್ದಾಳೆ.

ಮಾರ್ಚ್‌ನ ಒಂದು ಮಂಗಳವಾರ ಮೀನುಗಾರ ಬಾರ್ಟ್ಲಿ ಠಾಣೆಗೆ ಬಂದರು. ಆರು ವರ್ಷದಿಂದ ಯಾರೋ ಅವರು ಏಡಿ ಹಿಡಿಯಲು ಕಡಲಿಗೆ ಇಳಿಬಿಟ್ಟ ಏಡಿಬುಟ್ಟಿಗಳ ಹಗ್ಗ ಕೊಯ್ದು ಕದಿಯುತ್ತಿದ್ದರು. ಹಿಂದೆ ಮೂರು ಸಲ ದೂರು ಕೊಟ್ಟಾಗಲೂ ಪಕ್ಕದಲ್ಲಿದ್ದದ್ದು ನೋರೀನ್. ಈ ಸಲ "ದೇವರು ನಿನ್ನ ಜೊತೆಗಿರಲಿ" ಎಂದು ವಾಡಿಕೆಯಂತೆ ವಂದಿಸಿದವರೇ ನೋರೀನ್ ಅವರನ್ನು ದಾಟಿ ಡೆರ್ವ್ಲಾಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

"ಬಾಗಿಲ ಮುಂದಿನ ಒಂದು ಗಜ ನೆಲಾನೇ ಮೂರು ಸಲ ಒರೆಸಿದೆ," ಎನ್ನುತ್ತಾರೆ ನೋರೀನ್. "ಒಳಗೆ ಆ ಮನುಷ್ಯ ನಗ್ತಿದ್ದ! ನನ್ನ ಪಕ್ಕ ಕೂತು ಒಂದಿನ ನಕ್ಕಿಲ್ಲ. ಹೊಟ್ಟೆಗೆ ಕೆಂಡ ಸುರಿದ ಹಾಗಾಯ್ತು. ಸುಳ್ಳು ಯಾಕೆ ಹೇಳ್ಲಿ?"

ಮರುದಿನದಿಂದ ಅವರು ಡೆರ್ವ್ಲಾಳೊಂದಿಗೆ ಇಂಗ್ಲಿಷ್‌ನಲ್ಲೇ ಮಾತಾಡಿದರು. ಹನ್ನೊಂದು ದಿನ. ಹುಡುಗಿ ಐರಿಶ್‌ನಲ್ಲಿ ಕೇಳಿದರೆ ಇಂಗ್ಲಿಷ್‌ನಲ್ಲಿ ಉತ್ತರ. "ಮರೆತು ಹೋಗ್ಲಿ ಅಂತಿತ್ತು. ಮತ್ತೆ ನನ್ನನ್ನೇ ಕರೀಬೇಕು ಅಂತಿತ್ತು."

ಹನ್ನೆರಡನೆಯ ದಿನ, ಸಮುದ್ರದ ಇಳಿತದ ಹೊತ್ತು, ನೋರೀನ್ ಬಂಡೆಗಳ ನಡುವೆ ಕಡಲ ಬಸವನಹುಳು ಆಯುತ್ತಿದ್ದಾಗ ಬಾರ್ಟ್ಲಿ ಎದುರಾದರು.

"ಏನಪ್ಪಾ, ನನ್ನ ಬಾಯಿಗೆ ಹುಣ್ಣಾಗಿತ್ತಾ?"

"ನಿನ್ನ ಬಾಯಿಗೆ ಯಾರು ಹೆದರ್ತಾರೆ ಕಣೇ, ಅದನ್ನ ಊರೇ ಕೇಳಿದೆ," ಎಂದ ಬಾರ್ಟ್ಲಿ ದನಿ ತಗ್ಗಿಸಿದರು. "ಹೆದರಿದ್ದು ನಿನ್ನ ಕಿವಿಗೆ. ಹಗ್ಗ ಕೊಯ್ತಿದ್ದವನು ನಿನ್ನ ತಮ್ಮನ ಮಗ ಫೆಸ್ಟಿ. ನಿನ್ನನ್ನ ಪಕ್ಕ ಕೂರಿಸ್ಕೊಂಡು ಅವನ ಹೆಸರು ಹೇಳ್ಲಾ?"

ಹಿಂದಿನ ಮೂರು ಸಲವೂ ಬಾರ್ಟ್ಲಿ "ಯಾರಂತ ಕಾಣಲಿಲ್ಲ" ಎಂದಿದ್ದರು. ಮೂರು ಸಲವೂ ನೋರೀನ್ ಅದನ್ನು ಒಂದಕ್ಷರ ಆಚೀಚೆಯಾಗದಂತೆ ಇಂಗ್ಲಿಷಿಗೆ ತಂದಿದ್ದರು. ಅಂದು ಮನೆಗೆ ಬಂದ ನೋರೀನ್ ನೋಟ್‌ಬುಕ್ ತೆರೆದರು. ನಾನೂರ ಹದಿನೇಳರಲ್ಲಿ ಇನ್ನೆಷ್ಟು ಮಾತುಗಳು ತಮ್ಮ ಕಿವಿಗೆ ಅಂಜಿ ಒಳಗೇ ಉಳಿದವೋ? ಅಳೆಯುವ ಕೋಲೇ ಅಳತೆಯನ್ನು ಬದಲಿಸಿದ್ದರೆ, ಲೆಕ್ಕ ಸರಿಪಡಿಸಲು ಬೇರೆ ಕೋಲಿಲ್ಲ.

ಫೆಸ್ಟಿ ಈಗ ತಪ್ಪೊಪ್ಪಿಕೊಂಡು, ಊರೆಲ್ಲ ನೋಡುವಂತೆ ಬಾರ್ಟ್ಲಿಯ ಅಂಗಳದಲ್ಲಿ ಹೊಸ ಏಡಿಬುಟ್ಟಿ ಹೆಣೆಯುತ್ತಿದ್ದಾನೆ. ಅವನ ಹೆಸರು ಹೊರಬರಲು, ಮಾತು ತಿಳಿದ, ಆದರೆ ಯಾರ ಅತ್ತೆಯೂ ಅಲ್ಲದ ಪೊಲೀಸ್ ಒಬ್ಬಳು ಬೇಕಿತ್ತು. ಹದಿಮೂರನೆಯ ದಿನ ಬೆಳಗ್ಗೆ ಒಲೆ ಹೊತ್ತಿಸುತ್ತಾ ನೋರೀನ್ ಐರಿಶ್‌ನಲ್ಲಿ ಗದರಿದರು: "ಬುಟ್ಟಿ ತಾರೇ, ಕೈ ಖಾಲಿ ಇಟ್ಕೊಂಡು ನಿಲ್ಬೇಡ."

ಹೊಟ್ಟೆಕಿಚ್ಚು ಹೋಯಿತೆ? "ಎಲ್ಲಿ ಹೋಗತ್ತೆ? ಅವಳ ಬಾಗಿಲು ಮುಚ್ಚಿದಾಗೆಲ್ಲ ಒಲೆ ಹತ್ಕೊಳ್ಳತ್ತೆ. ಆದ್ರೆ ಈಗ ಆ ಒಂದು ಗಜ ನೆಲ ಒಂದೇ ಸಲ ಒರೆಸ್ತೀನಿ."

ಕೆಟಲ್ ಕುದಿಯುತ್ತದೆ. ಆಸೆ ಏನಾದರೂ ಉಳಿದಿದೆಯೇ ಎಂದರೆ ನೋರೀನ್ ಕೈ ಒರೆಸಿಕೊಂಡು ಡೆರ್ವ್ಲಾಳ ಕೋಣೆಯತ್ತ ನೋಡುತ್ತಾರೆ. "ನನ್ನ ಮನೇಲೂ ಒಂದ್ಸಲ ಕಳ್ಳತನ ಆಗ್ಲಿ. ದೊಡ್ಡದು ಬೇಡ, ಒಂದು ಕೋಳಿ ಸಾಕು. ಇಪ್ಪತ್ತೆರಡು ವರ್ಷ ಪಕ್ಕದ ಕುರ್ಚೀಲೇ ಕೂತೆ. ಒಂದಿನ ದೂರು ಕೊಡೋರ ಕುರ್ಚೀಲಿ ಕೂತು, ನನ್ನ ಭಾಷೇಲಿ ನಾನೇ ಹೇಳ್ತೀನಿ. ಆ ಹುಡುಗಿ ಬರ್ಕೊಳ್ಳಿ. ಪಕ್ಕದಲ್ಲಿ ಯಾರೂ ಬೇಡ."