ಟರ್ಕಿಯ ಅತ್ತೆಗೆ ಕೊಪ್ಪಳದ ಮಾತು

ಕೊಪ್ಪಳದಲ್ಲಿ ನನ್ನ ಮೊದಲ ಸಂಜೆ ಕೆಳಗಿನ ಮನೆಯಿಂದ ಗುಂಡಿನ ಸದ್ದು ಕೇಳಿಸಿತು. ಅದರ ಹಿಂದೆಯೇ ಹೆಂಗಸೊಬ್ಬಳು, ‘ಹೊಡದ! ಹೊಡದಬಿಟ್ಟ ನೋಡ್ರಿ, ಹಲ್ಕಟ್!’ ಎಂದು ಕೂಗಿದಳು. ನಾನಿನ್ನೂ ಸೂಟ್‌ಕೇಸನ್ನೂ ತೆರೆದಿರಲಿಲ್ಲ. ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿದೆ. ಬಾಗಿಲು ತೆರೆದೇ ಇತ್ತು. ಒಳಗೆ ಮೂವರು ಹೆಂಗಸರು ನೆಲದ ಮೇಲೆ ಹಾಸಿದ ಕೌದಿಯ ಸುತ್ತ ಕುಳಿತು ಹೊಲಿಯುತ್ತಿದ್ದರು. ಟಿ.ವಿ.ಯಲ್ಲಿ ಕೋಟು ಹಾಕಿದ ಗಂಡಸೊಬ್ಬ ಸಮುದ್ರದಂಡೆಯಲ್ಲಿ ಬಿದ್ದಿದ್ದ. ಮೂವರಲ್ಲಿ ಒಬ್ಬರೂ ಅವನ ಕಡೆ ನೋಡುತ್ತಿರಲಿಲ್ಲ. ಕಣ್ಣು ಸೂಜಿಯ ಮೇಲಿತ್ತು, ಕಿವಿ ಮಾತ್ರ ಟಿ.ವಿ.ಯ ಕಡೆಗಿತ್ತು.

‘ಮ್ಯಾಗಿನ ಖೋಲಿಯಾಕಿ ಬಂದ್ಳು’ ಎಂದರು ಮನೆಯೊಡತಿ. ‘ಬಾರವಾ, ಕುಂದ್ರು. ಹೆದರಿದೇನು? ಅವ ಸಾಯಂಗಿಲ್ಲ. ಹೀರೋ ಅದಾನ.’

ನಮ್ಮ ನಂಜನಗೂಡಿನವರಿಗೆ ಕೌದಿ ಎಂದರೇನೆಂದು ಹೇಳಬೇಕಾಗುತ್ತದೆ. ಹಳೆಯ ಸೀರೆಗಳ ತುಂಡುಗಳನ್ನು ಒಂದರ ಮೇಲೊಂದು ಇಟ್ಟು, ಕೈಯಿಂದಲೇ ಸಾಲುಸಾಲಾಗಿ ಹೊಲಿದು ಮಾಡುವ ದಪ್ಪ ಹೊದಿಕೆ ಅದು. ಮನೆಯೊಡತಿಯನ್ನು ಬೀದಿಯವರೆಲ್ಲ ಖಾಲಾ ಎನ್ನುತ್ತಾರೆ, ತಾಯಿಯ ತಂಗಿ ಎಂದರ್ಥ. ನಾನೂ ಹಾಗೆಯೇ ಕರೆಯತೊಡಗಿದೆ. ಎರಡನೆಯವಳು ಅವರ ಕಿರಿಯ ಮಗಳು ರುಬೀನಾ. ಬಿ.ಎ. ಮುಗಿಸಿ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದಳು. ಉಳಿದೆಲ್ಲ ವಿಷಯದಲ್ಲಿ ಧೈರ್ಯವಿದ್ದ ಅವಳಿಗೆ ಇಂಗ್ಲಿಷ್ ಪೇಪರ್ ಎಂದರೆ ಮಾತ್ರ ಜ್ವರ. ಮೂರನೆಯವರು ಎದುರುಮನೆಯ ಶಾಂತವ್ವ, ಹತ್ತಿರದ ತಳಕಲ್ ಊರಿನ ಮಗಳು, ಕೊಪ್ಪಳದ ಸೊಸೆ. ಕೌದಿ ಅವರದು, ಟಿ.ವಿ. ಖಾಲಾದು.

ನಾನು ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ತಂತ್ರಜ್ಞೆ. ಕೈಗೆ ಬಂದ ಪ್ರತಿ ಸೀಸೆಗೂ ಹೆಸರು, ತಾರೀಕು ಬರೆದು ಅಂಟಿಸುವುದು ನನ್ನ ಕೆಲಸ. ಆ ಚಟ ಮನೆಗೂ ಬಂದಿದೆ. ದಿನಚರಿಯ ಮೊದಲ ವಾರದ ಪುಟಗಳಲ್ಲಿ ಎರಡು ಕಾಲಂಗಳಿವೆ, ‘ಅಲ್ಲಿ’ ಮತ್ತು ‘ಇಲ್ಲಿ’. ಅಲ್ಲಿ ಕಪಿಲಾ ಹೊಳೆ, ಇಲ್ಲಿ ಬಂಡೆಗಲ್ಲಿನ ಗುಡ್ಡ. ಅಲ್ಲಿ ಬೆಳಿಗ್ಗೆ ಇಡ್ಲಿ, ಇಲ್ಲಿ ಮಿರ್ಚಿ ಮಂಡಕ್ಕಿ, ಅದೂ ಹತ್ತು ಗಂಟೆಗೆ! ಅಲ್ಲಿ ಮುದ್ದೆಯನ್ನು ನುಂಗುತ್ತೇವೆ, ಇಲ್ಲಿ ರೊಟ್ಟಿಯನ್ನು ಅಗಿಯಬೇಕು, ಮೊದಲ ವಾರ ದವಡೆ ನೋಯುತ್ತಿತ್ತು. ಅಲ್ಲಿ ಬಾಡಿಗೆಮನೆ ಹುಡುಕುವಾಗ ಮುಂಗಡ ಎಷ್ಟು ಎಂದು ಕೇಳುತ್ತಾರೆ. ಇಲ್ಲಿ ನಾನು ನೋಡಿದ ಮೊದಲ ನಾಲ್ಕು ಮನೆಗಳಲ್ಲಿ, ‘ಒಬ್ಬಾಕೀನ ಇರ್ತೀಯೇನು? ಮದುವಿ ಯಾವಾಗ?’ ಎಂದು ಕೇಳಿದರು. ಖಾಲಾ ಕೇಳಿದ್ದು ಬೇರೆಯೇ: ‘ಇಂಗ್ಲಿಷ್ ಓದಾಕ ಬರ್ತೈತೇನವಾ?’

ಬರುತ್ತದೆ ಎಂದಿದ್ದೆ. ಯಾಕೆ ಕೇಳಿದರೆಂಬುದು ತಿಳಿದದ್ದು ಎರಡು ವಾರದ ನಂತರ.

ಅವರು ನೋಡುತ್ತಿದ್ದುದು ಟರ್ಕಿ ದೇಶದ ಧಾರಾವಾಹಿ, ಹಿಂದಿಗೆ ಡಬ್ ಆಗಿ ಒಂದು ಆ್ಯಪ್‌ನಲ್ಲಿ ಬರುತ್ತಿದ್ದದ್ದು. ಸಮುದ್ರದ ಬದಿಯ ಊರು, ಹೇಝಲ್‌ನಟ್ ಎಂಬ ಒಂದು ಬಗೆಯ ಕಾಯಿ ಮಾರುವ ಶ್ರೀಮಂತ ಮನೆ, ಜಬರ್ದಸ್ತಿನ ಅತ್ತೆ, ನಗುಮುಖದ ಮಾವ, ಬಡ ಮನೆಯಿಂದ ಬಂದ ಸೊಸೆ, ನಡುವೆ ಉಮುತ್ ಎಂಬ ಮಗ. ಹಿಂದಿ ಕಂತುಗಳು ನಿಲ್ಲಲಿವೆ ಎಂಬ ಸುದ್ದಿ ಖಾಲಾಗೆ ಮೊದಲೇ ಸಿಕ್ಕಿತ್ತು. ಸೊಸೆ ಮನೆ ಬಿಟ್ಟು ಹೊರಟ ಕಡೆ ಡಬ್ಬಿಂಗ್ ನಿಂತುಹೋಯಿತು. ಆ್ಯಪ್‌ನವರು ಧಾರಾವಾಹಿಯನ್ನೇ ತೆಗೆದುಹಾಕಿದ್ದರು.

‘ಅಕಿ ಬಾಗಲದಾಗ ನಿಂತಾಳ. ಹೊರಗ ಹೋಗ್ಯಾಳೋ, ಒಳಗ ಬಂದಾಳೋ ಗೊತ್ತಿಲ್ಲ. ನನಗ ಊಟ ಸೇರವಲ್ದು’ ಎಂದರು ಖಾಲಾ. ‘ಕೆಳಗ ಇಂಗ್ಲಿಷ್ ಅಕ್ಷರ ಇದ್ದದ್ದು ಎಲ್ಲ್ಯಾರ ಸಿಗ್ತೈತಿ ಅಂತಾರ. ನೀ ಹುಡುಕು, ನೀ ಓದಿ ಹೇಳು.’

ಇದು ನನಗೆ ಖುಷಿಯ ಕೆಲಸವಾಯಿತು. ಒಂದು ಪುಟಕ್ಕೆ ಗೆರೆ ಹೊಡೆದು ಪರೀಕ್ಷೆಗೆ ಇಳಿದೆ. ಅಭಿಮಾನಿಗಳು ನಡೆಸುವ ತಾಣಗಳಲ್ಲಿ ಎಲ್ಲ ಕಂತುಗಳೂ ಇದ್ದವು, ಆದರೆ ಒಂದು ಕಂತು ತೆರೆದರೆ ಐದು ಜೂಜಿನ ಜಾಹೀರಾತುಗಳು ಮೈಮೇಲೆ ಬೀಳುತ್ತಿದ್ದವು. ಕದ್ದ ಮಾಲು ಬೇರೆ. ಅವನ್ನು ಪಟ್ಟಿಯಿಂದ ಅಳಿಸಿದೆ. ಇನ್ನೊಂದು ಕಡೆ ಯಂತ್ರ ಮಾಡಿದ ಇಂಗ್ಲಿಷ್ ಇತ್ತು. ಉಮುತ್ ಎಂದರೆ ಟರ್ಕಿ ಭಾಷೆಯಲ್ಲಿ ಭರವಸೆಯಂತೆ, ಹಾಗಾಗಿ ಯಂತ್ರವು ‘ಭರವಸೆ ಮನೆಗೆ ಬಂದು ಕಾಫಿ ಕುಡಿಯಿತು’ ಎಂದು ಬರೆದಿತ್ತು. ಕೊನೆಗೆ ಸಿಕ್ಕಿದ್ದು ಧಾರಾವಾಹಿ ತಯಾರಿಸಿದವರದೇ ಚಾನೆಲ್. ಉಚಿತ, ಮನುಷ್ಯರು ಬರೆದ ಇಂಗ್ಲಿಷ್ ಸಾಲುಗಳು. ಕೆಲವು ಕಂತುಗಳು ಮಾತ್ರ ‘ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಎನ್ನುತ್ತಿದ್ದವು. ಅವಕ್ಕಾಗಿ ತಿಂಗಳ ಚಂದಾ ಇರುವ ಟರ್ಕಿಯ ಆ್ಯಪ್ ಒಂದಿತ್ತು. ಚಂದಾವನ್ನು ನಾವು ಹಂಚಿಕೊಂಡೆವು.

ಹುಡುಕಾಟದಲ್ಲಿ ತಪ್ಪದ ನಾನು ಲೆಕ್ಕದಲ್ಲಿ ತಪ್ಪಿದೆ. ಟರ್ಕಿಯಲ್ಲಿ ಒಂದು ಕಂತೆಂದರೆ ಎರಡು ಗಂಟೆಗೂ ಹೆಚ್ಚು, ಒಂದು ಸಿನಿಮಾದಷ್ಟು. ಹೊರದೇಶಕ್ಕೆ ಕಳಿಸುವಾಗ ಅದನ್ನು ತುಂಡು ಮಾಡುತ್ತಾರೆ. ಹಿಂದಿಯಲ್ಲಿ ನಿಂತದ್ದು ಅರವತ್ತನೇ ತುಂಡಿಗೆ. ಒಂದು ಕಂತಿಗೆ ಮೂರು ತುಂಡು ಎಂದು ನಾನು ಭಾಗಿಸಿ ಇಪ್ಪತ್ತನೇ ಕಂತು ಹಾಕಿದೆ. ಹಿಂದಿಯವರು ನಾಲ್ಕು ತುಂಡು ಮಾಡಿದ್ದರಂತೆ. ಪರದೆಯಲ್ಲಿ ಮೊದಲು ಕಂಡದ್ದೇ ಮಾವನ ಗೋರಿ.

‘ಸತ್ತನೇನು?’ ಶಾಂತವ್ವ ಸೂಜಿ ಕೆಳಗಿಟ್ಟರು. ‘ಯಾವಾಗ? ಮೊನ್ನಿ ಛಲೋ ಇದ್ದನಲ್ಲ!’

‘ಯವ್ವಾ, ಬಂದ ತಿಂಗಳ್ದಾಗ ನಮ್ಮ ಮನಿ ಯಜಮಾನನ್ನ ಕೊಂದಿ ನೀ’ ಎಂದರು ಖಾಲಾ.

ಹಿಂದಕ್ಕೆ ಹೋಗಿ ಹದಿನೈದರಿಂದ ಶುರು ಮಾಡಿದೆವು. ಸೊಸೆ ಆ ಸಲ ಬಾಗಿಲಿನಿಂದಲೇ ಒಳಗೆ ತಿರುಗಿದ್ದಳು. ಮುಂದಿನ ಐದು ಕಂತು ಆ ಮಾವ ನಕ್ಕಾಗಲೆಲ್ಲ ಮೂವರೂ ನಿಟ್ಟುಸಿರು ಬಿಟ್ಟು ನನ್ನ ಕಡೆ ನೋಡುತ್ತಿದ್ದರು.

ಓದುವವಳಿಗೆಂದು ಟಿ.ವಿ.ಯ ಪಕ್ಕ ಒಂದು ಕುರ್ಚಿ ಹಾಕಿಕೊಟ್ಟರು. ಸಂಜೆಯ ನಮಾಜು ಮುಗಿದ ಮೇಲೆ ಒಂದೂವರೆ ಗಂಟೆ ಆ ಕುರ್ಚಿ ನನ್ನದು. ಅಲ್ಲಿಯವರೆಗೆ ಈ ಊರಿನಲ್ಲಿ ನನಗಾಗಿ ಯಾರೂ ಕಾಯುತ್ತಿರಲಿಲ್ಲ. ಕೆಲಸ ಮುಗಿಸಿ ಬಂದು, ಅನ್ನ ಬೇಯಿಸಿ, ಅಮ್ಮನಿಗೆ ಫೋನ್ ಮಾಡಿ, ಮತ್ತೆ ಮಾಡಲು ಏನೂ ಇಲ್ಲದೆ ಗೋಡೆ ನೋಡುತ್ತ ಕೂರುವ ಸಂಜೆಗಳು ಮುಗಿದವು. ಈಗ ಮೆಟ್ಟಿಲ ಕೆಳಗಿನಿಂದ ‘ಚೈತ್ರಾ, ಬಾರವಾ, ಅತ್ತಿ ಕಾಯಾಕತ್ತಾಳ’ ಎಂಬ ಕೂಗು ಬರುತ್ತಿತ್ತು. ಅದಕ್ಕಾಗಿಯೇ ನಾನು ಕೆಲಸವನ್ನು ಚುರುಕಾಗಿ ಮುಗಿಸುತ್ತಿದ್ದೆ.

ಶಾಂತವ್ವನಿಗೆ ಹಿಂದಿ ಅರ್ಧ ಮಾತ್ರ ತಿಳಿಯುತ್ತಿದ್ದುದರಿಂದ ಕನ್ನಡದಲ್ಲೇ ಹೇಳಬೇಕೆಂದು ತೀರ್ಮಾನವಾಗಿತ್ತು. ಕನ್ನಡ ತಾನೇ ಎಂದು ನಾನು ಹಗುರವಾಗಿ ಒಪ್ಪಿದ್ದೆ. ಮೊದಲ ದಿನ ಅತ್ತೆಯ ಮಾತನ್ನು, ‘ನೀನು ಇಷ್ಟು ಹೊತ್ತು ಎಲ್ಲಿಗೆ ಹೋಗಿದ್ದೆ?’ ಎಂದು ಓದಿ ಹೇಳಿದೆ.

‘ಅತ್ತಿ ಹಂಗ ಕೇಳ್ತಾಳೇನು? ಅದು ಬ್ಯಾಂಕಿನ್ಯಾಗ ಕೇಳಿದಂಗಾತು’ ಎಂದರು ಶಾಂತವ್ವ. ‘“ಇಷ್ಟೊತ್ತನಾ ಎಲ್ಲಿ ಹಾಳಾಗಿ ಹೋಗಿದ್ದಿ?” ಅನ್ನು. ಜೋರ ಅನ್ನು.’

ಜೋರಾಗಿ ಅಂದೆ. ಸೊಸೆಯ ಪರವಾಗಿ ಖಾಲಾ ನನ್ನನ್ನೇ ಬೈದರು, ನಾನೇ ಅತ್ತೆಯೆಂಬಂತೆ. ಸಾಲುಗಳು ಎರಡು ಸೆಕೆಂಡಿಗೆ ಮಾಯವಾಗುತ್ತಿದ್ದವು, ನಾನು ಸಾರಾಂಶಕ್ಕೆ ಇಳಿಯುತ್ತಿದ್ದೆ. ಅದೂ ನಡೆಯಲಿಲ್ಲ. ‘ಅಕಿ ಅಷ್ಟೊತ್ತ ಅಳಕೋಂತ ಮಾತಾಡಿದ್ಲು, ನೀ ಎರಡು ಮಾತಿನ್ಯಾಗ ಮುಗಿಸಿದಿ. ಉಳಿದದ್ದು ಎಲ್ಲಿ ಬಚ್ಚಿಟ್ಟಿ?’ ಎಂದು ಖಾಲಾ ಕೇಳಿದರು.

ನಾನು ಊರಿನ ಮಾತು ಕಲಿತದ್ದು ಹೀಗೆ, ಟರ್ಕಿಯ ಹೆಂಗಸರ ಬಾಯಿಂದ. ಇನ್ನೂ ಬೆರಗಿನ ಸಂಗತಿಯೆಂದರೆ, ಕಿವಿ ತೆರೆದಿಟ್ಟುಕೊಂಡು ಹೊಲಿಯುವ ಖಾಲಾ ಮತ್ತು ಶಾಂತವ್ವ ನಾನು ಓದುವ ಮೊದಲೇ ಟರ್ಕಿಯ ಪದಗಳನ್ನು ಹಿಡಿಯುತ್ತಿದ್ದರು. ‘ಸಾಬೂನ್ ಅಂದ್ಲು!’ ‘ದುಕಾನ್ ಅಂದ!’ ‘ಜವಾಬ್ ಕೇಳಾಕತ್ತಾನ!’ ಸಕ್ಕರೆ, ಹವಾ, ವಾರಕ್ಕೆ ಹಫ್ತಾ. ಯಾರು ಎಷ್ಟು ಪದ ಹಿಡಿದರೆಂದು ನಾನು ಟಿಪ್ಪಣಿ ಇಟ್ಟೆ. ಸೆಪ್ಟೆಂಬರ್ ಮುಗಿಯುವಾಗ ಖಾಲಾ ಮೂವತ್ತೊಂದು, ಶಾಂತವ್ವ ಹತ್ತೊಂಬತ್ತು, ನಾನು ಮೂರು. ನಿಜಾಮರ ಕಾಲದಿಂದ ಇಲ್ಲಿನ ಕಚೇರಿಗಳಲ್ಲಿ, ಸಂತೆಯಲ್ಲಿ ಉಳಿದ ಮಾತುಗಳು ಅಲ್ಲಿಯ ಅಡುಗೆಮನೆಯಲ್ಲೂ ಇದ್ದವು. ಕೊಪ್ಪಳಕ್ಕೆ ನನಗಿಂತ ಟರ್ಕಿಯೇ ಹತ್ತಿರವಿದ್ದಂತೆ ಕಾಣುತ್ತಿತ್ತು.

ರುಬೀನಾಳ ಹೆಸರಿನ ಮುಂದೆ ನಾನು ಅಂಕಿ ಬರೆದಿರಲಿಲ್ಲ. ಅವಳು ಪದ ಹಿಡಿಯುತ್ತಿರಲಿಲ್ಲ, ಪರದೆಯ ಕೆಳಗಿನ ಇಂಗ್ಲಿಷನ್ನು ದಿಟ್ಟಿಸುತ್ತಿದ್ದಳು. ಕೌದಿಯ ಮೇಲೆ ಅವಳ ಹೊಲಿಗೆಯ ಸಾಲು ಮಾತ್ರ ವಕ್ರ. ನಾನು ಓದುವ ಮುನ್ನವೇ ಅವಳ ತುಟಿ ಅಲುಗುವುದನ್ನು ಕಂಡಿದ್ದೆ. ‘ಮಂತ್ರ ಹೇಳಾಕತ್ತಾಳ’ ಎಂದು ಶಾಂತವ್ವ ಹಂಗಿಸುತ್ತಿದ್ದರು.

ಅಕ್ಟೋಬರಿನ ಆರಂಭದಲ್ಲಿ ಒಂದು ದಿನ ಗಂಗಾವತಿಯಿಂದ ರಕ್ತದ ಮಾದರಿಗಳನ್ನು ತರಲು ಹೋದವಳಿಗೆ ಬಸ್ಸು ತಡವಾಯಿತು. ಅಂಗಳಕ್ಕೆ ಬಂದಾಗ ಒಳಗಿನಿಂದ ಅತ್ತೆಯ ದನಿ ಕೇಳಿತು. ‘ಈ ಮನಿ ಹೊಸ್ತಿಲಾ ದಾಟಿದಿ ಅಂದ್ರ, ತಿರುಗಿ ಮಾರಿ ತೋರಸಬ್ಯಾಡ! ಹೋಗಾಕಿ, ಚಪ್ಲಿ ಯಾಕ ಹುಡುಕ್ತಿ? ಬರಿಗಾಲಾಗ ಬಂದಿದ್ದಿ, ಬರಿಗಾಲಾಗ ಹೋಗು!’

ಒಳಗೆ ನಗುವೋ ನಗು. ಬಾಗಿಲಲ್ಲಿ ನಿಂತು ನೋಡಿದೆ. ಕುರ್ಚಿಯಲ್ಲಿ ರುಬೀನಾ ಇದ್ದಳು.

ಪರದೆಯಲ್ಲಿ ಸೊಸೆ ಮತ್ತೆ ಮನೆ ಬಿಟ್ಟು ಹೊರಟಿದ್ದಳು. ಕೆಳಗಿನ ಸಾಲನ್ನು ಓದಿದೆ. ಚಪ್ಪಲಿಯ ಮಾತೂ ಅಲ್ಲಿತ್ತು. ನಾನಾಗಿದ್ದರೆ ‘ಪಾದರಕ್ಷೆ’ ಎನ್ನದಿದ್ದರೂ ಅಷ್ಟೇ ಸಪ್ಪೆಯಾಗಿ ಹೇಳುತ್ತಿದ್ದೆ. ಅವಳು ಒಂದು ಸಾಲನ್ನೂ ಬಿಡುತ್ತಿರಲಿಲ್ಲ. ನಾಲ್ಕು ತಿಂಗಳು ನನ್ನ ಬಾಯಿ ಮತ್ತು ಪರದೆಯ ಅಕ್ಷರಗಳನ್ನು ಜೋಡಿಸಿ ಜೋಡಿಸಿ ಇಂಗ್ಲಿಷಿನ ಜ್ವರ ಬಿಡಿಸಿಕೊಂಡಿದ್ದಳು.

ನನ್ನನ್ನು ಕಂಡು ತಟ್ಟನೆ ಎದ್ದಳು. ‘ಬರ್ರಿ ಅಕ್ಕಾ, ಕುಂದರ್ರಿ. ನೀವು ಬರೂತನಕ ಅಂತ…’

‘ನೀನೇ ಓದು’ ಎಂದೆ. ಮನಸಾರೆ ಅಂದೆ. ನೆಲದ ಮೇಲೆ ಕುಳಿತು ಕೇಳಿದೆ, ನಕ್ಕೆ. ಒಂದು ತಮಾಷೆ ಗಮನಿಸಿದೆ: ಇಂಗ್ಲಿಷ್ ಓದಿ ನಾನು ಒಂದು ಕ್ಷಣ ಮೊದಲು ನಗುತ್ತಿದ್ದೆ, ಒಬ್ಬಳೇ. ಕೋಣೆ ಆಮೇಲೆ ನಗುತ್ತಿತ್ತು.

ಮರುದಿನ ಕೆಳಗಿನಿಂದ ಕೂಗು ಬಂದಾಗ ಕೆಲಸವಿದೆ ಎಂದೆ. ಅದರ ಮರುದಿನ ತಲೆನೋವು ಎಂದೆ. ಎರಡೂ ಸುಳ್ಳು. ಓದುವವಳು ಸಿಕ್ಕಿದ ಮೇಲೆ ಬಾಡಿಗೆಯವಳು ಅಲ್ಲಿ ಯಾವ ಲೆಕ್ಕದಲ್ಲಿ ಕೂರಬೇಕು ಎಂಬುದು ನನಗೆ ಹೊಳೆಯಲಿಲ್ಲ. ನಾನು ಆ ಮನೆಯವಳಲ್ಲ, ಬಳಗದವಳಲ್ಲ, ಕೌದಿ ಹೊಲಿಯಲು ಬರುವುದಿಲ್ಲ. ‘ಅಲ್ಲಿ, ಇಲ್ಲಿ’ ಕಾಲಂಗಳಲ್ಲಿ ಇದಕ್ಕೆ ಜಾಗವಿರಲಿಲ್ಲ.

ಮೂರನೇ ಸಂಜೆ ಖಾಲಾ ಮೆಟ್ಟಿಲು ಹತ್ತಿ ಬಂದರು. ಮೊಣಕಾಲು ನೋವಿನ ಅವರು ನಾನು ಬಂದಾಗಿನಿಂದ ಒಮ್ಮೆಯೂ ಮೇಲೆ ಬಂದಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಟ್ಟರು.

‘ತಲಿನೋವಾದಾಕಿ ಇಷ್ಟ ಛಂದ ಹೆರಳ ಹಾಕ್ಕೊಂಡು ಕುಂತಾಳ ನೋಡು. ಯಾಕ ಬರವಲ್ಲಿ?’

‘ರುಬೀನಾ ಓದ್ತಾಳಲ್ಲ ಖಾಲಾ. ನನಗಿಂತ ಚೆನ್ನಾಗಿ ಓದ್ತಾಳೆ.’

‘ಹೌದು, ಭಾಳ ಛಲೋ ಓದ್ತಾಳ. ನೀ ಓದಿದ್ದು ಕೇಳಿ ನಮಗ ಸಾಕಾಗಿತ್ತು’ ಎಂದರು, ಒಂಚೂರೂ ಮುಲಾಜಿಲ್ಲದೆ. ‘ಓದಾಕ ಕರದಿದ್ದೆ, ಖರೆ. ಅದು ಮೊದಲ. ಈಗ ಯಾರು ಓದಾಕ ಕರ್ಯಾಕತ್ತಾರ? ಶಾಂತವ್ವ ಎರಡು ದಿನದಿಂದ ಬಾಗಲಾ ನೋಡಿ ನೋಡಿ ಬೆರಳಿಗೆ ಸೂಜಿ ಚುಚ್ಚಿಗೊಂಡಾಳ. ಇಳಿ ಕೆಳಗ. ನನ್ನ ಮೊಣಕಾಲಿಗೆ ಮತ್ತ ಹತ್ತಸಬ್ಯಾಡ.’

ಇಳಿದು ಹೋದೆ. ನನ್ನನ್ನು ನೋಡಿ ಶಾಂತವ್ವ ಕುಪ್ಪಸದ ಬಟ್ಟೆಯ ಒಂದು ಗಂಟನ್ನು ಸರಿಸಿ ಪಕ್ಕದಲ್ಲಿ ಜಾಗ ಮಾಡಿದರು.

ದಸರೆಗೆ ನಂಜನಗೂಡಿಗೆ ಹೋದಾಗ, ಅಷ್ಟು ದಿನ ಫೋನಿನಲ್ಲಿ ಹೇಳಿದ್ದ ಅತ್ತೆಯನ್ನು ಅಮ್ಮನಿಗೆ ತೋರಿಸಿದೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದಳು, ನಾನು ಕೊಪ್ಪಳದ ಮಾತಿನಲ್ಲೇ ಓದುತ್ತ ಹೋದೆ. ಹತ್ತು ನಿಮಿಷಕ್ಕೆ ಅಮ್ಮ ಕೈ ಎತ್ತಿದಳು.

‘ಇದ್ಯಾಕೆ ಹೀಗೆ ಬಯ್ತಾ ಇದೀಯ? ನಮ್ ಕಡೆ ಮಾತಲ್ಲಿ ಹೇಳೇ.’

ಪ್ರಯತ್ನಿಸಿದೆ. ಅತ್ತೆ ಒಮ್ಮೆಗೇ ಮೆತ್ತಗಾಗಿಬಿಟ್ಟಳು, ಯಾರೋ ನೆಂಟರ ಮನೆಯವಳ ಹಾಗೆ. ಆದರೂ ಅಮ್ಮನಿಗೆ ಹಿಡಿಸಿತು. ರಜೆ ಮುಗಿಯುವಾಗ ಅವಳು ಹತ್ತನೇ ಕಂತಿನಲ್ಲಿದ್ದಳು. ಬಸ್ ನಿಲ್ದಾಣದಲ್ಲಿ ಚೀಲ ಕೈಗಿಡುತ್ತ, ‘ನೀನ್ ಹೊರಟೆ. ಮುಂದೆ ಏನಾಯ್ತು ಅಂತ ನನಗ್ಯಾರು ಓದಿ ಹೇಳ್ತಾರೆ?’ ಎಂದಳು.

ನಡುವಿನ ಕಂತುಗಳ ಕಥೆಯನ್ನು ದಿನವೂ ಫೋನಿನಲ್ಲಿ ಹೇಳಿ ಮುಗಿಸಿದೆ. ಈಗ ಸಂಜೆ ಕೆಳಗೆ ಹೋದಾಗ ಅಮ್ಮನಿಗೆ ಕರೆ ಮಾಡಿ ಫೋನನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತೇನೆ. ಟರ್ಕಿಯವರು ಮಾತಾಡುತ್ತಾರೆ, ರುಬೀನಾ ಅದನ್ನು ಕೊಪ್ಪಳಕ್ಕೆ ತರುತ್ತಾಳೆ. ಅಮ್ಮನಿಗೆ ಅವಳ ಮಾತು ಅರ್ಧ ತಿಳಿಯುವುದಿಲ್ಲ. ಹಾಗಾಗಿ ನಾನು ಬಗ್ಗಿ, ರುಬೀನಾಳ ಕನ್ನಡವನ್ನು ನಂಜನಗೂಡಿನ ಕನ್ನಡಕ್ಕೆ ಪಿಸುಗುಟ್ಟುತ್ತೇನೆ. ನಿನ್ನೆ ಸೊಸೆ ಕೊನೆಗೂ ತಿರುಗಿ ಬಂದು ಬಾಗಿಲು ತಟ್ಟುವ ಹೊತ್ತಿಗೆ ಖಾಲಾ, ಶಾಂತವ್ವ ಇಬ್ಬರ ಸೂಜಿಯೂ ನಿಂತಿತ್ತು.

‘ಸಣ್ಣಗ ಮಾತಾಡವಾ, ನಮಗ ಕೇಳಸವಲ್ದು’ ಎಂದು ಶಾಂತವ್ವ ನನ್ನ ತೊಡೆ ಚಿವುಟಿದರು.

‘ಏನು? ಬಾಗಿಲು ತೆಗೆದ್ರಾ?’ ಎಂದಳು ಅಮ್ಮ, ಮಡಿಲಿನಿಂದ. ‘ಇನ್ನೂ ಸ್ವಲ್ಪ ಜೋರಾಗಿ ಹೇಳೇ, ಕೇಳಿಸ್ತಾ ಇಲ್ಲ.’