ಕಂಪೆನಿಯ ಡಬ್ಬಕ್ಕೆ ಹೋದ ಈಲಿ

ಮೊನ್ನೆ ನಮ್ಮೂರು ಶಿರಿಯದ ಕಡಲ ದಡದಲ್ಲಿ ಯಾರೋ ದೋಣಿಗೆ ಮೀನೆಣ್ಣೆ ಬಳಿಯುತ್ತಿದ್ದರು. ಆ ನಾತ ನಿಮಗೆ ಹಿಡಿಸಲಿಕ್ಕಿಲ್ಲ. ನಾನೂ ಮೂಗು ಮುಚ್ಚಿಕೊಂಡೆ, ಬೇರೆ ಕಾರಣಕ್ಕೆ.

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ. ತಾಟೆ ಮೀನಿನ, ಅಂದರೆ ಶಾರ್ಕಿನ, ಈಲಿಯನ್ನು ನಮ್ಮಲ್ಲಿ ಹಿಂದೆ ಮಾರುತ್ತಿರಲಿಲ್ಲ. ಓದಿದವರು ಅದನ್ನು ಯಕೃತ್ತು ಎನ್ನುತ್ತಾರಂತೆ. ದೋಣಿ ದಡ ಮುಟ್ಟಿದ ಕೂಡಲೇ ಅದು ಬಾಣಂತಿಯೋ ಎಳೆಯ ಮಕ್ಕಳೋ ಇರುವ ಮನೆಗೆ ಹೋಗುತ್ತಿತ್ತು. ಅದರದೇ ಕೊಬ್ಬಿನಲ್ಲಿ ಹುರಿದು ತಿನ್ನಿಸುವುದು.

ಎರಡನೇ ಮಹಾಯುದ್ಧ ಬಂತು. ಈಲಿಯಿಂದ ತೆಗೆದು ಹಡಗಿನಲ್ಲಿ ಬರುತ್ತಿದ್ದ ಪರದೇಶದ ಮದ್ದಿನ ಮೀನೆಣ್ಣೆ ನಿಂತಿತು. ಔಷಧದ ಕಂಪೆನಿಯೊಂದರ ಏಜೆಂಟರು ಡಬ್ಬಗಳೊಂದಿಗೆ ನಮ್ಮ ದಡಕ್ಕೆ ಬಂದರು. ದೋಣಿಯವರಿಗೆ ದುಡ್ಡು ಕೊಟ್ಟು ಈಲಿ ಒಟ್ಟುಮಾಡುವ ಕೆಲಸ ನನಗೆ ಸಿಕ್ಕಿತು, ಜೊತೆಗೊಂದು ಖಾಕಿ ಅಂಗಿ. ಬರಿಮೈಯವರ ನಡುವೆ ಅಂಗಿ ತೊಟ್ಟು ನಡೆಯುವ ಗತ್ತು! "ಓ ಕಂಪೆನಿ ದಣಿಗಳೇ, ನಿಮ್ಮನ್ನು ಕಂಡರೆ ಮೀನೂ ಎದ್ದು ನಿಲ್ತದಾ?" ಎಂದು ಹೆಂಗಸರು ನಗುತ್ತಿದ್ದರು. ನನಗೆ ಅದೂ ಹೊಗಳಿಕೆಯಾಗಿಯೇ ಕೇಳುತ್ತಿತ್ತು.

"ಇದು ಎಂತಕ್ಕೆ ಮದ್ದು?" ಎಂದು ಒಮ್ಮೆ ಏಜೆಂಟರನ್ನು ಕೇಳಿದ್ದೆ.

"ಕಣ್ಣಿಗೆ. ಬಾಟ್ಲಿಯಲ್ಲಿ ತುಂಬಿಸಿ ಮದ್ರಾಸಿಗೆ ಹೋಗ್ತದೆ."

"ಇಲ್ಲಿಗೆ ಬರುವುದಿಲ್ಲವಾ?"

"ಇಲ್ಲಿ ಯಾರು ತೆಗೊಳ್ತಾರೆ ಮಾರಾಯ?"

ಆ ವರ್ಷ ನನ್ನ ಪುಟ್ಟ ತಂಗಿ ಗಿರಿಜೆ ಮುಸ್ಸಂಜೆಯಾದರೆ ಕಣ್ಣು ಕಾಣದೆ ಹೊಸ್ತಿಲು ಎಡವತೊಡಗಿದಳು. "ಒಂದು ತುಂಡು ಈಲಿ ಮನೆಗೆ ತಾ ಮಗಾ," ಎಂದು ಅಮ್ಮ ಅಂಗಲಾಚಿದರು. ಡಬ್ಬ ತುಂಬದಿದ್ದರೆ ಕೆಲಸ ಇನ್ನೊಬ್ಬನ ಪಾಲು. "ನಾಳೆ ತರ್ತೇನೆ," ಎಂದೆ. ಮರುದಿನವೂ ಅದನ್ನೇ ಹೇಳಿದೆ. ಅದು ಕಣ್ಣಿನ ಮದ್ದೆಂದು ನನಗೆ ಗೊತ್ತಿತ್ತು. ಇದನ್ನು ಈವರೆಗೆ ಯಾರೊಂದಿಗೂ ಹೇಳಿರಲಿಲ್ಲ. ಮಳೆಗಾಲದಲ್ಲಿ ಅವಳಿಗೆ ದಡಾರ ಬಂತು. ಜ್ವರ ಇಳಿದಾಗ ಎರಡೂ ಕಣ್ಣು ಬೆಳ್ಳಗಾಗಿ ಕುರುಡಾಗಿದ್ದವು.

ಯುದ್ಧ ಮುಗಿದು ಪರದೇಶದ ಎಣ್ಣೆ ಮತ್ತೆ ಬಂತು. ಏಜೆಂಟರು ಖಾಲಿ ಡಬ್ಬಗಳನ್ನು ಕಟ್ಟಿಕೊಂಡು ಹೊರಟರು.

"ಈಲಿಯ ಗುಣ ಹೋಯಿತಾ?" ಎಂದೆ.

"ಗುಣ ಉಂಟು. ಲಾಭ ಇಲ್ಲ."

ಆಮೇಲೆ ಈಲಿ ದಡದ ನಾಯಿಗಳಿಗಾಯಿತು. ಮಾರಲು ಕಲಿತಾಗ ಬಿಟ್ಟುಹೋದ ಹಂಚುವ ರೂಢಿ, ಮಾರಾಟ ನಿಂತರೂ ಮರಳಲಿಲ್ಲ.

ವರ್ಷಗಳೇ ಕಳೆದವು. ನಿನ್ನೆ ಸಂಜೆ ಗಿರಿಜೆ ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದವಳು ಕೈ ನಿಲ್ಲಿಸಿದಳು.

"ಅಣ್ಣಾ, ಪಕ್ಕದ ಮನೆಯ ಮಗು ಕತ್ತಲಾಗುವಾಗ ಕೊಡಪಾನಕ್ಕೆ ಎಡವ್ತಾ ಉಂಟು. ನನಗೆ ಕೇಳ್ತದೆ. ನಿನಗೆ ಕಾಣುವುದಿಲ್ಲವಾ?"

ಇವತ್ತು ದೋಣಿ ಬರುವ ಮೊದಲೇ ದಡದಲ್ಲಿ ನಿಂತಿದ್ದೆ. ಈಲಿ ತಂದು ಹುರಿದೆ. ಮಗುವನ್ನು ಎತ್ತಿಕೊಂಡು ಬಂದ ತಾಯಿ, "ಇದು ಮದ್ದಾ? ಯಾರು ಹೇಳಿದ್ದು?" ಎಂದಳು.

"ನಮ್ಮ ಅಣ್ಣ," ಎಂದಳು ಗಿರಿಜೆ. "ಅವನಿಗೆ ಮೊದಲಿನಿಂದಲೂ ಗೊತ್ತುಂಟು."

ನಾನು ಬಾಣಲೆ ಇಳಿಸಿದೆ. ಅವಳು ನನ್ನ ಕಡೆ ಮುಖ ತಿರುಗಿಸಲಿಲ್ಲ.